ಸ್ಕೂಲ್ ಶುರುವಾಗೋಕೆ 11 ದಿನ ಇದೆ, ಮಗ 9 ಗಂಟೆಗೆ ಏಳ್ತಿದ್ದಾನೆ, ಮಗಳು ಹೊಟ್ಟೆನೋವು ಅಂತಾಳೆ, ಏನ್ ಮಾಡ್ಲಿ?

ಇಬ್ಬರಮ್ಮ_ಬನಶಂಕರಿ, 18 ಮೇ 2025

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ ಬೇಜಾರ್ ಮಾಡ್ಕೋಬೇಡಿ. ನಮಗೆ ಇಬ್ರು ಮಕ್ಳು, ಮಗ ನಾಲ್ಕನೇ ಕ್ಲಾಸಿಗೆ ಹೋಗ್ಬೇಕು, ಮಗಳು ಯುಕೆಜಿ ಮುಗಿಸಿ ಒಂದನೇ ಕ್ಲಾಸ್. ಏಪ್ರಿಲ್ 11ಕ್ಕೆ ರಜೆ ಶುರುವಾದ್ಮೇಲೆ ಇಬ್ರನ್ನೂ ಶಿರಸಿ ಹತ್ರ ಅಜ್ಜನ ಮನೆಗೆ ಬಿಟ್ಟು ಬಂದ್ವಿ, ನಾನೂ ನಮ್ಮೋರೂ ಇಬ್ರೂ ಕೆಲಸಕ್ಕೆ ಹೋಗೋರು ಇಲ್ಲಿ ನೋಡ್ಕೊಳ್ಳೋರು ಯಾರಿಲ್ಲ. ಅಲ್ಲಿ ಐದಾರು ಜನ ಕಸಿನ್ಸು, ಅಂಗಳದಲ್ಲಿ ಇಡೀ ದಿನ ಕ್ರಿಕೆಟ್ಟು, ಅಮ್ಮ ಹಲಸಿನ ಹಪ್ಪಳ ಒಣಗ್ಸಿದ್ರೆ ಕಾಗೆ ಓಡ್ಸೋ ಡ್ಯೂಟಿ ಇವ್ರದ್ದು, ಆ ಡ್ಯೂಟೀಲಿ ಅರ್ಧ ಹಸಿ ಹಪ್ಪಳ ಹೊಟ್ಟೆಗೆ. ರಾತ್ರಿ ಎಲ್ಲಾ ಜಗಲೀಲಿ ಹಾಸ್ಕೊಂಡು ಸಾಲಾಗಿ ಮಲಗೋದು, ಮಲಗೋದು ಅಂದ್ರೆ ಹನ್ನೊಂದೂವರೆ ಹನ್ನೆರಡರವರೆಗೂ ಪಿಸಿಪಿಸಿ. ಎಷ್ಟೊತ್ತಿಗೆ ಎದ್ರೂ ಕೇಳೋರಿಲ್ಲ, ಅಜ್ಜಿ ದೋಸೆ ಹಿಟ್ಟು ಮುಚ್ಚಿಟ್ಟು ಕಾಯ್ತಾ ಇರ್ತಾರೆ.

ಗುರುವಾರ ವಾಪಸ್ ಕರ್ಕೊಂಡು ಬಂದ್ವಿ. ಬಂದಾಗಿಂದ ಮಗ ರಾತ್ರಿ 11.30ಕ್ಕೆ ಮುಂಚೆ ಮಲಗಲ್ಲ ಬೆಳಗ್ಗೆ 9ಕ್ಕೆ ಮುಂಚೆ ಏಳಲ್ಲ. ಇದ್ರ ಜೊತೆ ಐಪಿಎಲ್ ಬೇರೆ, ನಿಲ್ಸಿದ್ದನ್ನ ನಿನ್ನೆಯಿಂದ ಮತ್ತೆ ಶುರು ಮಾಡಿದ್ರಲ್ಲ, ನಿನ್ನೆ ಚಿನ್ನಸ್ವಾಮೀಲಿ ಒಂದೇ ಒಂದು ಬಾಲ್ ಆಗಿಲ್ಲ ಮಳೆ, ಆದ್ರೂ ಮ್ಯಾಚ್ ಕ್ಯಾನ್ಸಲ್ ಅಂತ ಅನೌನ್ಸ್ ಮಾಡೋವರೆಗೂ ಟಿವಿಲಿ ಮಳೆ ನೋಡ್ತಾ ಕೂತಿದ್ದ, ಅವರಪ್ಪಾನೂ ಪಕ್ಕದಲ್ಲೇ. 29ಕ್ಕೆ ಸ್ಕೂಲ್ ಓಪನ್, ವ್ಯಾನ್ ಬರೋದು 7.20ಕ್ಕೆ, ಅಂದ್ರೆ 6.15ಕ್ಕೆ ಏಳ್ಲೇಬೇಕು.

ಇವನದ್ದು ಬರೀ ನಿದ್ದೆ ಪ್ರಾಬ್ಲಂ ಅಂದ್ಕೊಂಡಿದ್ದೆ ಆದ್ರೆ ಮೊನ್ನೆ ಸ್ಕೂಲ್ ಬ್ಯಾಗ್ ತೆಗಿ ನೋಡೋಣ ಅಂದಿದ್ದಕ್ಕೆ ಮುಖಾನೇ ಸಣ್ಣಗಾಯ್ತು, ಆಮೇಲೆ ನೋಡೋಣಮ್ಮ ಅಂದ. ಮಗಳದ್ದು ಇನ್ನೊಂದು ಕಥೆ, ಸ್ಕೂಲ್ ಅನ್ನೋ ಮಾತು ಬಂದ್ರೆ ಹೊಟ್ಟೆನೋವು ಅಂತಾಳೆ. ಡಾಕ್ಟರ್ ಹತ್ರ ತೋರಿಸಿದ್ವಿ, ಏನಿಲ್ಲ ಅಂದ್ರು. ಹೋದ ವರ್ಷ ಯುಕೆಜಿಗೆ ಮೊದಲ ವಾರ ದಿನಾ ಗೇಟಲ್ಲಿ ಅತ್ತಿದ್ಳು, ಒಂದು ದಿನ ವಾಂತಿ ಕೂಡ ಮಾಡ್ಕೊಂಡಿದ್ಳು. ಮತ್ತೆ ಅದೇ ಆಗುತ್ತೇನೋ ಅಂತ ನನಗೇ ಹೊಟ್ಟೆನೋವು ಶುರುವಾಗಿದೆ. ನೀವೆಲ್ಲ ಹೇಗೆ ಮ್ಯಾನೇಜ್ ಮಾಡ್ತೀರಾ? ಬೈಯೋದು ಒಂದು ಬಿಟ್ಟು ಬೇರೆ ಏನಾದ್ರೂ ಹೇಳಿ, ಬೈದು ಸಾಕಾಗಿದೆ.

ತುಂಗಾತೀರ, 18 ಮೇ 2025

ಇದೆಲ್ಲ ಈಗಿನ ಕಾಲದ ಖಾಯಿಲೆ ಮೇಡಂ. ನಮ್ ಕಾಲದಲ್ಲಿ ಯಾವ ರುಟೀನು ಯಾವ ಅಡ್ಜಸ್ಟ್‌ಮೆಂಟು? ಸ್ಕೂಲ್ ಶುರುವಾದ ದಿನ ನಮ್ಮಪ್ಪ ಬೆಳಗ್ಗೆ ಐದೂವರೆಗೆ ಒಂದು ಚೊಂಬು ನೀರು ತಂದು ಮುಖಕ್ಕೆ ಎರಚ್ತಿದ್ರು, ಅಲ್ಲಿಗೆ ರಜೆ ಮುಗೀತು ಅಂತ ಅರ್ಥ. ಎರಡು ದಿನ ಅಳ್ತಾರೆ ಮೂರನೇ ದಿನ ತಾನೇ ಸರಿ ಹೋಗುತ್ತೆ. ತುಂಬಾ ತಲೆ ಕೆಡಿಸ್ಕೋಬೇಡಿ.

ಇಬ್ಬರಮ್ಮ_ಬನಶಂಕರಿ, 18 ಮೇ 2025

ಸರ್ ನಿಮ್ ಸ್ಕೂಲು 10 ಗಂಟೆಗೆ ಇತ್ತು ಅನ್ಸುತ್ತೆ, ನಡ್ಕೊಂಡು ಹೋಗೋ ದೂರ. ಇಲ್ಲಿ 7.20ಕ್ಕೆ ವ್ಯಾನ್ ಅಂಕಲ್ ಎರಡು ಹಾರ್ನ್ ಹೊಡೀತಾರೆ ಮೂರನೇದು ಹೊಡಿಯಲ್ಲ, ಹೊರಟೇ ಹೋಗ್ತಾರೆ.

ಹುಬ್ಬಳ್ಳಿ_ಅವ್ವ, 18 ಮೇ 2025

ಅಕ್ಕಾರ, ನಮ್ಮ ಮನ್ಯಾಗ ಮೂರು ಹುಡುಗ್ರು, ಪ್ರತಿ ವರ್ಷ ಇದ ಹಾಡ. ಸೂಟಿ ಮುಗದು ಸಾಲಿ ಚಾಲೂ ಆಗೂ ಹೊತ್ತಿಗೆ ನಾ ಏನ ಕಲತೀನಿ ಅಂದ್ರ, ಲಗೂನ ಮಲಗಸಾಕ ಹೋಗಬ್ಯಾಡ್ರಿ, ಲಗೂನ ಎಬ್ಬಸ್ರಿ. ನೀವು 9ಕ್ಕ ಲೈಟ್ ಆರಿಸಿ ಮಲಕೋ ಮಲಕೋ ಅಂದ್ರ ಅವಂಗ ನಿದ್ದಿ ಎಲ್ಲಿಂದ ಬರ್ತದ ಹೇಳ್ರಿ, ಮುಂಜಾನೆ 9ಕ್ಕ ಎದ್ದಾನ, ಕಣ್ಣ ತೆರಕೊಂಡ ಬಿದ್ದಿರ್ತಾನ, ನಿಮಗೂ ಸಿಟ್ಟು ಅವಂಗೂ ಸಿಟ್ಟು. ಎಬ್ಬಸೂದು ನಮ್ಮ ಕೈಯಾಗ ಐತಿ, ನಿದ್ದಿ ಬರಸೂದು ನಮ್ಮ ಕೈಯಾಗಿಲ್ಲ.

ನಿಮಗ ಇನ್ನ ಹನ್ನೊಂದು ಮುಂಜಾನೆ ಅದಾವ್ರಿ, ನಾಳೆ 19ರಿಂದ 29ರ ತನಕ. ದಿನಾ 15 ನಿಮಿಷ ಮುಂಚೆ ಎಬ್ಬಸ್ರಿ, 11 ಸಲ 15 ಅಂದ್ರ 165 ನಿಮಿಷ, ಮೂರು ತಾಸಿಗೆ ಕಾಲ್ ತಾಸು ಕಮ್ಮಿ. ನಾಳೆ ಪೌಣೆ ಒಂಬತ್ತಕ್ಕ ಎಬ್ಬಸಿದ್ರ 29ಕ್ಕ ಬರೋಬ್ಬರಿ 6.15ಕ್ಕ ಬಂದು ನಿಂದರತದ. ಇವತ್ತ ಶುರು ಮಾಡಿದ್ರ ಮಾತ್ರ ಈ ಲೆಕ್ಕ, 26ಕ್ಕ ನೆನಪಾದ್ರ ಆಮ್ಯಾಲ ಆ ಸರ್ ಹೇಳಿದಂಗ ಚೊಂಬಿನ ನೀರ ಗತಿ.

ಇನ್ನೊಂದು, ಮಧ್ಯಾಹ್ನ ಮಲಗಾಕ ಬಿಡಬ್ಯಾಡ್ರಿ. ಮುಂಜಾನೆ ಎಬ್ಬಿಸಿದ್ದೆಲ್ಲ ಮಧ್ಯಾಹ್ನದ ನಿದ್ದ್ಯಾಗ ವಸೂಲ್ ಮಾಡತಾವ. ಎಬ್ಬಿಸಿದ ಕೂಡ್ಲೆ ಪಡದೆ ಸರಸಿ ಬಿಸಲಿಗೆ ಕರಕೊಂಡ ಹೋಗ್ರಿ, ಅಂಗಳ ಇಲ್ಲಂದ್ರ ಗಚ್ಚಿಗೆ (ಟೆರೇಸಿಗೆ), ಗಿಡಕ್ಕ ನೀರ ಹಾಕಸ್ರಿ, ಹಾಲಿನ ಪಾಕೀಟ ತರಾಕ ಕಳಸ್ರಿ. ಮೊಬೈಲ್ ಕೊಟ್ಟ ಎಬ್ಬಸೂದು ಒಂದು ಬ್ಯಾಡ, ನಾ ಒಂದು ವರ್ಷ ಮಾಡಿದ್ದೆ, ಆಮ್ಯಾಲ ಮೊಬೈಲ್ ಇಲ್ಲದ ಹಲ್ಲ ತಿಕ್ಕಂಗಿಲ್ಲ ಅನ್ನಾಕತ್ತಿದ್ದ.

ಮಗಳ ಹೊಟ್ಟಿಬ್ಯಾನಿ ಬಗ್ಗೆ ಒಂದು ಮಾತು. ನನ್ನ ನಡೂಕಿನಂವ ಒಂದನೇತ್ತೆ ಇದ್ದಾಗ ಮೂರು ದಿನ ಡಬ್ಬಿ ತುಂಬಿದ್ದು ತುಂಬಿದಂಗ ವಾಪಸ್ ತಂದ. ನಾವೆಲ್ಲ ಪಾಪ ಮನಿ ನೆನಪ ಆಗ್ತದ ಅದಕ್ಕ ಉಣ್ಣವಲ್ಲ ಅಂತ ಮರಗಿದ್ದ ಮರಗಿದ್ದು, ನಮ್ಮ ಅತ್ತಿ ದೃಷ್ಟಿನೂ ತಗದ್ರು. ನಾಲ್ಕನೇ ದಿನ ಮನ್ಯಾಗ ಅದ ಡಬ್ಬಿ ಕೊಟ್ಟು ನನ್ನ ಎದರಿಗೆ ತಿನ್ನು ಅಂದೆ, ಮುಚ್ಚಳ ತಗೀಲಿಕ್ಕೆ ಬರವಲ್ತು! ಹೊಸಾ ಡಬ್ಬಿ, ನಾಕ್ ಕಡೆ ಲಾಕು, ನಮಗ ತಗೀಬೇಕಂದ್ರ ಉಗುರು ಮುರೀತದ. ಟೀಚರ್‌ನ ಕೇಳಾಕ ನಾಚಿಕಿ. ಹಳೇ ಸ್ಟೀಲಿನ ಡಬ್ಬಿ ಕೊಟ್ಟ ಮ್ಯಾಲ ಮರುದಿನ ಚುನಮರಿ ಸೂಸಲಾ ಎಲ್ಲಾ ಖಾಲಿ. ಡಬ್ಬಿ, ನೀರಿನ ಬಾಟ್ಲಿ, ಬೂಟಿನ ಲಾಡಿ, ಯೂನಿಫಾರಂ ಗುಂಡಿ, ಬಾತ್‌ರೂಮಿಗೆ ಹೋದಾಗ ತಾನ ಬಿಚ್ಚಿ ತಾನ ಹಾಕ್ಕೊಳ್ಳೂದು, ಇಷ್ಟು ಮನ್ಯಾಗ ಮಾಡಿಸಿ ನೋಡ್ರಿ. ಭಾಳ ಸಲ ಹೊಟ್ಟಿಬ್ಯಾನಿ ಅಲ್ಲೆ ಇರ್ತದ.

ನಲಿಕಲಿ_ಮೇಡಂ, 19 ಮೇ 2025

ಹುಬ್ಬಳ್ಳಿ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಚಿತ್ರದುರ್ಗ ಜಿಲ್ಲೇಲಿ ಸರ್ಕಾರಿ ಶಾಲೆ ಟೀಚರು, ಹದಿನಾರು ವರ್ಷದಿಂದ ಒಂದರಿಂದ ಮೂರನೇ ತರಗತಿ ನಲಿಕಲಿ ಕ್ಲಾಸು (ಚಟುವಟಿಕೆ ಮಾಡಿಸ್ತಾ ಕಲಿಸೋದು) ನಂದೇ. ಆ ಕಡೆಯಿಂದ ನೋಡಿದ್ರೆ ಹೇಗಿರುತ್ತೆ ಅಂತ ಹೇಳ್ತೀನಿ, ಯಾಕಂದ್ರೆ ಪೇರೆಂಟ್ಸು ಗೇಟ್‌ವರೆಗೆ ಮಾತ್ರ ನೋಡಿರ್ತಾರೆ.

ನಮ್ಮಲ್ಲಿ ಮೊದಲ ದಿನ ತೋರಣ ಕಟ್ಟಿ, ಸಿಹಿ ಮಾಡಿ, ಹೊಸ ಪುಸ್ತಕ ಕೊಟ್ಟು ಪ್ರಾರಂಭೋತ್ಸವ ಮಾಡ್ತೀವಿ, ಅವತ್ತು ಯಾರೂ ಅಳಲ್ಲ, ಪಾಯಸ ಇರುತ್ತಲ್ಲ. ಅಳು ಬರೋದು ಮೂರನೇ ದಿನ, ಓ ಇದು ದಿನಾ ಬರ್ಬೇಕು ಅಂತ ಗೊತ್ತಾದಾಗ. ಹಾಗಾಗಿ ತುಂಗಾತೀರ ಸರ್ ಮೂರನೇ ದಿನ ಸರಿ ಹೋಗುತ್ತೆ ಅಂದಿದ್ದು ನನ್ನ ಅನುಭವದಲ್ಲಿ ಉಲ್ಟಾ, ಮೊದಲ ದಿನ ನಗ್ತಾ ಹೋದ ಮಗು ಸೋಮವಾರ ಅತ್ರೆ ಏನೋ ಆಗ್ಬಿಡ್ತು ಅಂತ ಗಾಬರಿ ಬೀಳ್ಬೇಡಿ. ಈ ಸಲ 29 ಗುರುವಾರ ಬಂದಿದೆ, ಗುರು ಶುಕ್ರ ಶನಿ ಆದ್ಮೇಲೆ ಒಂದು ಭಾನುವಾರ ಸಿಗುತ್ತೆ, ನಿಜವಾದ ಪರೀಕ್ಷೆ ಜೂನ್ 2 ಸೋಮವಾರ. ಆ ಭಾನುವಾರ ಮಾತ್ರ ಪಾಪ ಮಲಗ್ಲಿ ಅಂತ 9 ಗಂಟೆವರೆಗೆ ಬಿಟ್ರೋ, ಹನ್ನೊಂದು ದಿನ ಮಾಡಿದ್ದು ನೀರಲ್ಲಿ ಹೋಮ.

ಮೊದಲ ವಾರ ಮಧ್ಯಾಹ್ನ ಬಿಸಿಯೂಟ ಆದ್ಮೇಲೆ ನನ್ನ ಕ್ಲಾಸಲ್ಲಿ ಅರ್ಧ ಮಕ್ಳು ತೂಕಡಿಸ್ತವೆ, ಒಂದೆರಡು ಕೂತಲ್ಲೇ ಪಕ್ಕದವರ ಮೇಲೆ ವಾಲ್ಕೊಳ್ತವೆ. ಮೊದಮೊದಲು ಎಬ್ಬಿಸಿ ಮುಖ ತೊಳಿಸ್ತಿದ್ದೆ ಈಗ ಚಾಪೆ ಹಾಕಿ ಮಲಗಿಸಿಬಿಡ್ತೀನಿ, ಒಂದು ವಾರ ಹತ್ತು ದಿನ ಅಷ್ಟೇ. ಹೋದ ವರ್ಷ ಬರ ಅಂತ ಬೇಸಿಗೆ ರಜೇಲೂ ಬಿಸಿಯೂಟ ಕೊಟ್ವಿ ನೋಡಿ, ಆಗ ದಿನಾ ತಟ್ಟೆ ಹಿಡ್ಕೊಂಡು ಬರ್ತಿದ್ದ ಮಕ್ಳಿಗೆ ಮೇ ಕೊನೇಲಿ ಈ ಕಷ್ಟವೇ ಆಗಿಲ್ಲ. ಪಾಠ ಏನೂ ಇರ್ಲಿಲ್ಲ, ಬರೀ ಆ ಟೈಮಿಗೆ ಎದ್ದು ಮುಖ ತೊಳ್ದು ಅಲ್ಲಿಗೆ ಬರೋದು ತಪ್ಪಿರ್ಲಿಲ್ಲ.

ಮರೆತಿರೋ ವಿಷಯಕ್ಕೆ ಬಂದ್ರೆ, ಮರೀತಾರೆ, ಮರೀಲೇಬೇಕು, 48 ದಿನ ರಜೆ ಅಂದ್ರೆ ಸುಮ್ನೇನಾ. ಏಪ್ರಿಲ್‌ನಲ್ಲಿ 7ರ ಮಗ್ಗಿ ಗಡಗಡ ಹೇಳ್ತಿದ್ದೋನು ಜೂನ್‌ನಲ್ಲಿ ಏಳ್ನಾಲ್ಕ್ಲಿ ಅಂದ್ರೆ ಸೀಲಿಂಗ್ ನೋಡ್ತಾನೆ. ಒತ್ತಕ್ಷರ ಎಲ್ಲಾ ಉದುರಿ ಹೋಗಿರುತ್ತೆ, ಅಕ್ಕ ಅನ್ನೋದು ಅಕ ಆಗಿರುತ್ತೆ. ಅದಕ್ಕೇ ಅಲ್ವಾ ನಮಗೆ ಸೇತುಬಂಧ ಅಂತ ಇಟ್ಟಿರೋದು, ಹೊಸ ಪಾಠಕ್ಕೆ ಹೋಗೋಕೆ ಮುಂಚೆ ಒಂದು ನೈದಾನಿಕ ಪರೀಕ್ಷೆ ಮಾಡಿ ಯಾವ ಮಗು ಎಲ್ಲಿ ನಿಂತಿದೆ ನೋಡ್ತೀವಿ, ಹಿಂದಿನ ತರಗತೀದು ತಿರುವಿ ಹಾಕಿ ಕೊನೇಲಿ ಸಾಫಲ್ಯ ಪರೀಕ್ಷೆ. ಪ್ರೈವೇಟ್ ಶಾಲೇಲೂ ಮೊದಲ ವಾರ ರಿವಿಷನ್ ಅಂತ ಏನಾದ್ರೂ ಇರುತ್ತೆ ಕೇಳಿ ನೋಡಿ. ಅಮ್ಮಂದಿರು ಈ ಹನ್ನೊಂದು ದಿನದಲ್ಲಿ ಇಡೀ ಮೂರನೇ ಕ್ಲಾಸು ತುರುಕೋಕೆ ಹೋಗ್ಬೇಡಿ, ಸ್ಕೂಲ್ ಅಂದ್ರೆ ಇನ್ನೂ ದ್ವೇಷ ಬರುತ್ತೆ. ರಾತ್ರಿ ಒಂದು ಕಥೆ ಅವನ ಕೈಲೇ ಓದಿಸಿ, ಅಂಗಡಿ ಸಾಮಾನಿನ ಚೀಟಿ ಅವನ ಕೈಲಿ ಬರೆಸಿ ಚಿಲ್ಲರೆ ಲೆಕ್ಕ ಅವನೇ ನೋಡ್ಲಿ, ಸಾಕು.

ಮಗಳನ್ನ ಗೇಟ್ ಹತ್ರ ಬಿಟ್ಟ ಮೇಲೆ ನಿಲ್ಲಬೇಡಿ. ಸಂಜೆ ಕರ್ಕೊಂಡು ಹೋಗೋಕೆ ಬರ್ತೀನಿ ಅಂತ ನಿಜ ಹೇಳಿ ಟಾಟಾ ಮಾಡಿ ಹೊರಡಿ, ಕಾಂಪೌಂಡ್ ಸಂದೀಲಿ ಇಣುಕೋದು, ಕಣ್ಣು ತಪ್ಪಿಸಿ ಓಡೋದು ಎರಡೂ ಬೇಡ, ಮಗು ಸುಮ್ನಾಗೋದ್ರಲ್ಲಿರುತ್ತೆ, ಇಣುಕಿದ ತಲೆ ಕಂಡ ತಕ್ಷಣ ಮತ್ತೆ ಶುರು. ಸಂಜೆ ಮಾತ್ರ ಮೊದಲ ವಾರ ಲೇಟ್ ಆಗ್ಬೇಡಿ ದಯವಿಟ್ಟು. ಮತ್ತೆ ಮನೇಲಿ ಯಾರೂ "ಇರು, ಮಿಸ್‌ಗೆ ಹೇಳ್ತೀನಿ" ಅಂತ ಹೆದರಿಸ್ಬೇಡಿ, ನಾವು ಕಷ್ಟಪಟ್ಟು ಅಳು ನಿಲ್ಸಿರ್ತೀವಿ, ನೀವು ನಮ್ಮನ್ನೇ ಗುಮ್ಮ ಮಾಡ್ತೀರಿ.

ಕೊನೇದಾಗಿ ಒಂದು ಡೌಟು. ಬ್ಯಾಗ್ ತೆಗಿ ಅಂದ್ರೆ ಮಗನ ಮುಖ ಸಣ್ಣಗಾಯ್ತು ಅಂದ್ರಲ್ಲ, ರಜೆ ಹೋಂವರ್ಕ್ ಆಗಿದ್ಯಾ ಕೇಳಿದ್ರಾ?

ಇಬ್ಬರಮ್ಮ_ಬನಶಂಕರಿ, 20 ಮೇ 2025

ಮೇಡಂ ನಿಮ್ ಕಾಲಿಗೆ ಬಿದ್ದೆ. ನಿನ್ನೆ ರಾತ್ರಿ ಅವನು ಟಿವಿ ನೋಡ್ತಿದ್ದಾಗ ಬ್ಯಾಗ್ ತೆಗೆದು ನೋಡಿದೆ. ಹಾಲಿಡೇ ಹೋಂವರ್ಕ್ ಅಂತ 100 ಪುಟದ ಒಂದು ನೋಟ್‌ಬುಕ್ ಕೊಟ್ಟಿದ್ರು, ದಿನಕ್ಕೊಂದು ಪೇಜ್ ಕಾಪಿರೈಟಿಂಗು ಹತ್ತು ಲೆಕ್ಕ. ಏಪ್ರಿಲ್ 12, 13 ಎರಡು ದಿನ ಮುತ್ತಿನಂಥ ಅಕ್ಷರ. ಆಮೇಲೆ ಮಧ್ಯದಿಂದ ತೆಗೆದ್ರೆ ಪುಟಗಟ್ಲೆ ಸ್ಕೋರ್ ಶೀಟು! ಕಸಿನ್‌ಗಳ ಹೆಸರು, ಓವರ್ ಓವರ್ ಲೆಕ್ಕ, ಚುಕ್ಕಿ, ನಾಲ್ಕು, ವೈಡು, "ಬಾಲು ಬಾವಿಗೆ ಬಿತ್ತು ಔಟು", "ಅಜ್ಜಿ ಕರೆದ್ರು ಮ್ಯಾಚ್ ಡ್ರಾ" ಅಂತ ಕಾಮೆಂಟ್ ಬೇರೆ. ಒಂದು ಪೇಜಿಗೆ ಉಪ್ಪಿನಕಾಯಿ ಎಣ್ಣೆ ಅಂಟಿದೆ. ನಗ್ಬೇಕೋ ಅಳ್ಬೇಕೋ ಗೊತ್ತಾಗ್ಲಿಲ್ಲ.

ಕರೆದು ಪಕ್ಕ ಕೂರಿಸ್ಕೊಂಡೆ, ಬೈಯಲ್ಲ ಹೇಳು ಅಂದೆ. ನೋಟ್‌ಬುಕ್ ತರದೇ ಇದ್ದೋರನ್ನ ಅಸೆಂಬ್ಲೀಲಿ ಮುಂದೆ ನಿಲ್ಲಿಸ್ತಾರಂತೆ, ಅವನ ಫ್ರೆಂಡ್ ಹೇಳಿದ್ದಂತೆ, ನಿಜಾನೋ ಸುಳ್ಳೋ ದೇವರಿಗೇ ಗೊತ್ತು. ರಾತ್ರಿ ಮಲಗಿದ್ರೆ ಅದೇ ನೆನಪಾಗುತ್ತೆ ಅಮ್ಮ ಅಂದ. ನಾನು ಎರಡು ದಿನದಿಂದ ಮೊಬೈಲ್ ಜಾಸ್ತಿ ಆಯ್ತು ಅದಕ್ಕೇ ನಿದ್ದೆ ಬರ್ತಿಲ್ಲ ಅಂತ ಬೈತಾ ಇದ್ದೆ.

ಈಗ ಏನ್ ಮಾಡ್ಲಿ, 40 ಪೇಜ್ ಕೂತು ಬರೆಸ್ಲಾ? ಅವರಪ್ಪ ಅಂತಾರೆ ನಾನು ಎಡಗೈಲಿ ಬರ್ದು ಕೊಡ್ತೀನಿ ಮಿಸ್‌ಗೆ ಗೊತ್ತಾಗಲ್ಲ ಅಂತ.

ನಲಿಕಲಿ_ಮೇಡಂ, 20 ಮೇ 2025

ಅಯ್ಯೋ ಬೇಡ, ಅಪ್ಪಂದಿರ ಎಡಗೈ ಅಕ್ಷರ ನಾವು ನೋಡಿದ ಕೂಡ್ಲೆ ಕಂಡು ಹಿಡೀತೀವಿ. ದಿನಕ್ಕೆ ಎರಡು ಪೇಜು, ಉಳಿದಿರೋ ದಿನಕ್ಕೆ ಎಷ್ಟಾಗುತ್ತೋ ಅಷ್ಟು. ಆಗದೇ ಇದ್ದಿದ್ದಕ್ಕೆ ನೀವೇ ಕ್ಲಾಸ್ ಟೀಚರ್‌ಗೆ ಡೈರಿಲಿ ಎರಡು ಸಾಲು ಬರೀರಿ, ಊರಲ್ಲಿದ್ದ, ಇಷ್ಟು ಮಾಡಿದ್ದಾನೆ, ಉಳಿದಿದ್ದು ಮಾಡಿಸ್ತೀವಿ ಅಂತ. ಆ ಸ್ಕೋರ್ ಶೀಟ್ ಪುಟ ಹರೀಬೇಡಿ. ಆರು ಬಾಲ್ ಕೂಡಿ ಓವರ್ ಲೆಕ್ಕ ಹಾಕಿ, ಎಷ್ಟು ರನ್ ಬೇಕು ಅಂತ ಕಳೆದಿದ್ದಾನಲ್ಲ, ಕೂಡೋದು ಕಳೆಯೋದು ಇನ್ನೇನು ಮತ್ತೆ. ನನ್ನ ಕ್ಲಾಸಲ್ಲಿ ಯಾರಾದ್ರೂ ತಂದಿದ್ರೆ ಗೋಡೆಗೆ ಅಂಟಿಸ್ತಿದ್ದೆ. ನಿಮ್ಮ ಮಿಸ್ ಹೇಗೋ ಗೊತ್ತಿಲ್ಲ, ನೋಡ್ಕೊಂಡು ತೋರಿಸಿ.

ಜರ್ಸಿ_ಕನ್ನಡತಿ, 21 ಮೇ 2025

ನಾನು ನ್ಯೂಜರ್ಸಿಯಿಂದ. ನಮಗೆ ಸ್ಕೂಲ್ ಶುರುವಾಗೋದು ಸೆಪ್ಟೆಂಬರ್ ಮೊದಲ ವಾರ ಲೇಬರ್ ಡೇ ಆಸುಪಾಸು, ಹಾಗಾಗಿ ನಿಮ್ಮ ಈ ಥ್ರೆಡ್ ನನಗೆ ಮೂರು ತಿಂಗಳು ಅಡ್ವಾನ್ಸ್ ಆಯ್ತು. ಎರಡು ವರ್ಷಕ್ಕೊಮ್ಮೆ ಜುಲೈನಲ್ಲಿ ಮೈಸೂರಿಗೆ ಬರ್ತೀವಿ, ಆಗಸ್ಟ್ ಕೊನೇಲಿ ವಾಪಸ್. ನಿಮಗೆ ಮೂರು ಗಂಟೆ ವ್ಯತ್ಯಾಸ ಅಂದ್ರೆ ನಮಗೆ ಒಂಬತ್ತೂವರೆ ಗಂಟೆ! ಒಂದ್ ಸಲ ಟಿಕೆಟ್ ಕಮ್ಮಿ ಸಿಕ್ತು ಅಂತ ಸ್ಕೂಲ್ ಶುರುವಾಗೋ ಎರಡು ದಿನ ಮುಂಚೆ ಬಂದಿಳಿದ್ವಿ, ಮಗಳು ರಾತ್ರಿ ಎರಡು ಗಂಟೆಗೆ ಎದ್ದು ಹಸಿವು ಅಂತ ಅಡುಗೆಮನೆಗೆ ಬಂದು ಅಜ್ಜಿ ಕಟ್ಟಿಕೊಟ್ಟ ಚಕ್ಕುಲಿ ಡಬ್ಬ ತೆಗೆದು ಕೂತಿದ್ಳು, ಬೆಳಗ್ಗೆ 8ಕ್ಕೆ ಸ್ಕೂಲ್ ಬಸ್ಸಲ್ಲಿ ಗಾಢ ನಿದ್ದೆ. ಅವಳ ಟೀಚರ್ ಕಾಲ್ ಮಾಡಿ ಮನೇಲಿ ಎಲ್ಲಾ ಸರಿ ಇದ್ಯಾ ಅಂತ ಕೇಳಿದ್ರು, ನಾಚಿಕೆ ಆಗೋಯ್ತು.

ಅವಳ ಮಕ್ಕಳ ಡಾಕ್ಟರ್ ಹೇಳಿದ್ದು ಹುಬ್ಬಳ್ಳಿ ಅವರು ಹೇಳಿದ್ದೇ, ಬೆಳಗಿನ ಬೆಳಕು. ಮೈ ಒಳಗಿನ ಗಡಿಯಾರ ಸರಿ ಹೋಗೋದು ಕಣ್ಣಿಗೆ ಬೀಳೋ ಬೆಳಕಿಂದ, ಎದ್ದ ಅರ್ಧ ಗಂಟೆ ಒಳಗೆ ಹೊರಗೆ ಕರ್ಕೊಂಡು ಹೋಗಿ, ರಾತ್ರಿ ಮಲಗೋಕೆ ಒಂದು ಗಂಟೆ ಮುಂಚೆ ಸ್ಕ್ರೀನ್ ಬಂದ್, ಮನೆ ಲೈಟೆಲ್ಲ ಡಿಮ್. ಆರರಿಂದ ಹನ್ನೆರಡು ವರ್ಷದ ಮಕ್ಳಿಗೆ 24 ಗಂಟೇಲಿ 9ರಿಂದ 12 ಗಂಟೆ ನಿದ್ದೆ ಬೇಕು ಅಂತ ಇಲ್ಲಿನ ನಿದ್ರಾತಜ್ಞರ ಶಿಫಾರಸು. ನಿಮ್ಮವನು 6.15ಕ್ಕೆ ಏಳ್ಬೇಕಂದ್ರೆ 9 ಗಂಟೆಗಾದ್ರೂ ಮಲಗಿರಬೇಕು. ಐಪಿಎಲ್ 7.30ಕ್ಕೆ ಶುರುವಾಗುತ್ತೆ ಅಂದ್ರೆ ಫಸ್ಟ್ ಇನಿಂಗ್ಸ್‌ಗೆ ಮಾತ್ರ ಪರ್ಮಿಷನ್ ಅಂತ ಇಟ್ಕೊಳ್ಳಿ.

ಇನ್ನೊಂದು ಹೇಳ್ಲಾ, ಅಜ್ಜಿ ಮನೆ ಬಿಟ್ಟು ಬಂದ ದುಃಖ ಅಂತ ಒಂದಿರುತ್ತೆ, ಅದಕ್ಕೆ ನಾವು ಹೆಸರೇ ಇಡಲ್ಲ. ನನ್ನ ಮಗಳು ವಾಪಸ್ ಬಂದ್ಮೇಲೆ ಒಂದು ವಾರ ಇಲ್ಲಿ ಯಾಕೆ ಯಾರೂ ಇಲ್ಲ ಅಂತ ಕೇಳ್ತಿದ್ಳು. ಈಗ ಸ್ಕೂಲಿಂದ ಬಂದ್ಮೇಲೆ ಶುಕ್ರವಾರ ಅಜ್ಜಿಗೆ ವಿಡಿಯೋ ಕಾಲ್ ಅಂತ ಫಿಕ್ಸ್ ಮಾಡಿದೀವಿ, ಅಲ್ಲಿ ಶನಿವಾರ ಬೆಳಗ್ಗೆ ಆಗೋವರೆಗೆ ಕಾಯ್ತೀವಿ, ಅಜ್ಜಿ ಕಾಫಿ ಕುಡೀತಾ ಮಾತಾಡ್ತಾರೆ.

ಕುಡ್ಲದ_ಅಪ್ಪ, 27 ಮೇ 2025

ನಮ್ಮ ಕಡೆ ಬೇರೆಯೇ ಸಮಸ್ಯೆ ಮಾರಾಯ್ರೆ. ಈ ವರ್ಷ ಮಳೆ ಎಂತ ಬೇಗ ಬಂತು, ಕೇರಳಕ್ಕೆ 24ಕ್ಕೇ ಬಂತು, ಈಗ ನಮ್ಮ ಬಾಗಿಲಲ್ಲಿ ಉಂಟು. ಬೆಳಗ್ಗೆ ಬಿಸಿಲಿಗೆ ಕರ್ಕೊಂಡು ಹೋಗಿ ಅಂತೀರಿ, ಬಿಸಿಲು ಎಲ್ಲಿ ಉಂಟು? ಆ ಜಡಿಮಳೆ ಶಬ್ದಕ್ಕೆ ನನಗೇ ಏಳ್ಲಿಕ್ಕೆ ಮನಸ್ಸಾಗುದಿಲ್ಲ, ಮಕ್ಳದ್ದು ಎಂತ ಹೇಳುದು. ನಾವು ಮಾಡುದು ಎಂತ ಅಂದ್ರೆ ಎಬ್ಬಿಸುವ ಮುಂಚೆ ಎಲ್ಲ ಲೈಟು ಹಾಕುದು, ಅಡಿಗೆಮನೆಯಲ್ಲಿ ಮಿಕ್ಸಿ ತಿರುಗಿಸುದು, ಅಷ್ಟೇ. ಒಂದು ಉಪಯೋಗದ ಮಾತು ಹೇಳ್ತೇನೆ, ಶೂಸು ಈಗಲೇ ಹಾಕಿಸಿ ನೋಡಿ. ಎರಡು ತಿಂಗಳಲ್ಲಿ ಕಾಲು ಬೆಳ್ದಿರ್ತದೆ. ಕಳೆದ ವರ್ಷ ಮೊದಲ ದಿನ ಬೆಳಗ್ಗೆ ಏಳು ಗಂಟೆಗೆ ಗೊತ್ತಾದದ್ದು ನಮಗೆ, ಹವಾಯಿ ಚಪ್ಪಲಿಯಲ್ಲಿ ಕಳಿಸಿದೆವು.

ಇಬ್ಬರಮ್ಮ_ಬನಶಂಕರಿ, 8 ಜೂನ್ 2025

ಅಪ್‌ಡೇಟ್ ಕೇಳಿದ್ರಿ ಕೆಲವ್ರು, ಈಗ ಟೈಮ್ ಸಿಕ್ತು ನೋಡಿ.

15 ನಿಮಿಷದ ಲೆಕ್ಕ ಮೊದಲ ಎಂಟು ದಿನ ಗಡಿಯಾರದ ಥರ ನಡೀತು, ಏಳೂಕಾಲಿಗೆ, ಏಳಕ್ಕೆ ಏಳ್ತಿದ್ದ, ರಾತ್ರಿ ತಾನಾಗೇ ಹತ್ತಕ್ಕೆ ಕಣ್ಣು ಎಳೀತಿತ್ತು. 27ಕ್ಕೆ ಆರ್‌ಸಿಬಿ-ಲಕ್ನೋ ಮ್ಯಾಚು. ಫಸ್ಟ್ ಇನಿಂಗ್ಸ್ ಮಾತ್ರ ಅಂತ ಒಪ್ಪಂದ ಆಗಿತ್ತು, ಅವ್ರು 227 ಹೊಡೆದ್ರು, ಇನ್ನೇನು ಗೆಲ್ಲಲ್ಲ ಬಾ ಮಲಗೋಣ ಅಂದೆ, ಮಲಗ್ದ. ಅವರಪ್ಪ ಒಬ್ರೇ ನೋಡ್ತಾ ಇದ್ರು, ಜಿತೇಶ್ ಹೊಡೆಯೋಕೆ ಶುರು ಮಾಡಿದ್ಮೇಲೆ ಈ ಮನುಷ್ಯ ಕೂಗಿದ ಕೂಗಿಗೆ ಮಗ ಅಲ್ಲ ಕೆಳಗಿನ ಮನೆ ನಾಯೀನೂ ಎದ್ದಿತು. ಮರುದಿನ ಏಳೂವರೆ. ಅಪ್ಪಂದಿರಿಗೆ ಯಾರು ರುಟೀನ್ ಕಲಿಸ್ತಾರೆ ಅದನ್ನ ಮೊದಲು ಹೇಳಿ.

29ಕ್ಕೆ ಸ್ಕೂಲು, ಅವತ್ತೇ ಕ್ವಾಲಿಫೈಯರ್. ಪುಣ್ಯಕ್ಕೆ ಪಂಜಾಬ್ 101ಕ್ಕೆ ಆಲೌಟು, ನಮ್ಮೋರು ಹತ್ತೇ ಓವರಲ್ಲಿ ಮುಗ್ಸಿದ್ರು, ಆರ್‌ಸಿಬಿಗೆ ನಾನು ಜೀವನದಲ್ಲಿ ಮೊದಲ ಸಲ ಥ್ಯಾಂಕ್ಸ್ ಹೇಳಿದ್ದು ಅವತ್ತು. ಜೂನ್ 3 ಫೈನಲ್ ದಿನ ಮಾತ್ರ ನಾನೇ ಸೋತೆ, 18 ವರ್ಷಕ್ಕೆ ಕಪ್ ಬಂತು ಅಂದ್ರೆ ಮಲಗು ಅಂತ ಯಾವ ಬಾಯಲ್ಲಿ ಹೇಳ್ಲಿ, ಬೀದೀಲಿ ಪಟಾಕಿ ಬೇರೆ, ಹನ್ನೆರಡೂವರೆ ಆಯ್ತು. 4ಕ್ಕೆ ವ್ಯಾನ್ ಮಿಸ್ಸು, ಅಪ್ಪಾನೇ ಸ್ಕೂಟರಲ್ಲಿ ಬಿಟ್ಟು ಬಂದ್ರು, ಕ್ಲಾಸಲ್ಲಿ ಅರ್ಧಕ್ಕರ್ಧ ಮಕ್ಳು ಆಕಳಿಸ್ತಿದ್ರಂತೆ. ಅವತ್ತು ಸಾಯಂಕಾಲ ಚಿನ್ನಸ್ವಾಮಿ ಹತ್ರ ಕಾಲ್ತುಳಿತ ಆಗಿದ್ದು ಕೇಳಿದ್ಮೇಲೆ ಅದರ ಬಗ್ಗೆ ನಗ್ತಾ ಬರೆಯೋಕೂ ಆಗ್ತಿಲ್ಲ, ಬಿಡಿ.

ಮಗಳ ವಿಷಯ. ಹುಬ್ಬಳ್ಳಿ ಅವ್ರು ಹೇಳಿದ ಹಾಗೆ ಎಲ್ಲಾ ಮನೇಲಿ ಮಾಡಿಸಿ ನೋಡಿದೆ. ಡಬ್ಬಿ ತೆಗೀತಾಳೆ, ಗುಂಡಿ ಹಾಕ್ತಾಳೆ. ಬಾತ್‌ರೂಮ್ ಅಂದಾಗ ಸುಮ್ನಾದ್ಳು. ಯುಕೆಜಿಲಿ ಆಯಾ ಜೊತೆಗೆ ಬರ್ತಿದ್ರಂತೆ, ಒಂದನೇ ಕ್ಲಾಸಲ್ಲಿ ಒಬ್ಳೇ ಹೋಗ್ಬೇಕು ಅಂತ ಅಣ್ಣ ಹೇಳಿದ್ದಾನೆ, ಒಳಗಡೆ ಕತ್ತಲೆ, ಚಿಲಕ ಎತ್ತರ, ಹಾಕ್ಕೊಂಡ್ರೆ ತೆಗೆಯೋಕೆ ಆಗದೇ ಇದ್ರೆ? ಇಷ್ಟೇ! ಇಷ್ಟನ್ನ ಒಂದು ತಿಂಗಳಿಂದ ಹೊಟ್ಟೇಲಿಟ್ಕೊಂಡು ಓಡಾಡ್ತಾ ಇತ್ತು ಮಗು. ಸ್ಕೂಲ್ ಓಪನ್ ಆಗೋ ಮುಂಚಿನ ದಿನ ಬುಕ್ಸ್ ತಗೊಳ್ಳೋಕೆ ಹೋದಾಗ ಅವಳನ್ನೂ ಕರ್ಕೊಂಡು ಹೋಗಿ ಹೊಸ ಕ್ಲಾಸ್ ರೂಮು, ಬಾತ್‌ರೂಮು ಎಲ್ಲಾ ತೋರಿಸಿದೆ. ಅಲ್ಲಿದ್ದ ಆಯಾ ಒಬ್ರು ಪುಟ್ಟಿ ನೀನು ಚಿಲಕ ಹಾಕ್ಬೇಡ ನಾನು ಹೊರಗೆ ಇರ್ತೀನಿ ಅಂದ್ರು. ಮೂರನೇ ದಿನ ಸ್ವಲ್ಪ ಅತ್ಳು, ಟೀಚರ್ ಮೇಡಂ ಹೇಳಿದ್ದು ಕರೆಕ್ಟು, ಸೋಮವಾರಾನೂ ಅತ್ಳು, ಈಗ ಪರ್ವಾಗಿಲ್ಲ.

ಮಗ ಹೋಂವರ್ಕ್ 19 ಪೇಜ್ ಬರ್ದ, ಡೈರಿಲಿ ನಾನು ಬರ್ದೆ, ಯಾರೂ ಎಲ್ಲೂ ನಿಲ್ಲಿಸ್ಲಿಲ್ಲ. ಮಿಸ್ ಸ್ಕೋರ್ ಶೀಟ್ ನೋಡಿ ಬಾವಿಗೆ ಬಿದ್ರೆ ಔಟ್ ಯಾಕೆ ಸಿಕ್ಸ್ ಅಲ್ವಾ ಅಂತ ಕೇಳಿದ್ರಂತೆ. ಇದರ ಮಧ್ಯೆ ಜ್ವರ ಕೆಮ್ಮು ನೆಗಡಿ ಇರೋ ಮಕ್ಳನ್ನ ಸ್ಕೂಲಿಗೆ ಕಳಿಸ್ಬೇಡಿ ಅಂತ ಕೋವಿಡ್‌ಗೆ ಸರ್ಕಾರದ ಸುತ್ತೋಲೆ ಬಂತಲ್ಲ, ಮಗ ಸಾಹೇಬ್ರು ಅದನ್ನ ಟಿವಿಲಿ ಕೇಳಿಸ್ಕೊಂಡು ಮರುದಿನ ಬೆಳಗ್ಗೆ 6.15ಕ್ಕೆ ಕರೆಕ್ಟಾಗಿ ಎದ್ದು ಕೆಮ್ಮೋಕೆ ಶುರು ಮಾಡಿದ್ರು. ಥರ್ಮಾಮೀಟರ್ ತಂದೆ, ಕೆಮ್ಮು ನಿಲ್ತು.

ಬೆಣ್ಣೆದೋಸೆ_ದಾವಣಗೆರೆ, 12 ಅಕ್ಟೋಬರ್ 2025

ಹಳೇ ಥ್ರೆಡ್ ಎತ್ತಿದ್ದಕ್ಕೆ ಕ್ಷಮಿಸಿ, ಹುಡುಕ್ದಾಗ ಇದೇ ಸಿಕ್ತು. ದಸರಾ ರಜೆ ಸೆಪ್ಟೆಂಬರ್ 20ರಿಂದ ಅಕ್ಟೋಬರ್ 7ರವರೆಗೆ ಅಂತ ಇತ್ತು, ಜಾತಿ ಸಮೀಕ್ಷೆ ಮುಗಿದಿಲ್ಲ ಅಂತ ಸರ್ಕಾರಿ, ಅನುದಾನಿತ ಶಾಲೆಗೆ 18ರವರೆಗೆ ಮುಂದಕ್ಕೆ ಹಾಕಿದ್ರು. ನಮ್ಮ ದೊಡ್ಡೋನು ಅನುದಾನಿತ ಶಾಲೆ, ಅವನಿಗೆ ರಜೆ. ಚಿಕ್ಕೋನು ಪ್ರೈವೇಟು, ಅವನಿಗೆ ಸ್ಕೂಲ್ ಶುರು. ದಿನಾ ಬೆಳಗ್ಗೆ ಮನೇಲಿ ಮಹಾಭಾರತ. ದೊಡ್ಡೋನು ರಗ್ಗು ಹೊದ್ಕೊಂಡು ಮಲಗಿರ್ತಾನೆ ಚಿಕ್ಕೋನು ಯೂನಿಫಾರಂ ಹಾಕ್ಕೊಂಡು ಅವನ ಮೇಲೆ ಬಿದ್ದು ಒದೀತಾನೆ, ಅವನಿಗೆ ಇಲ್ಲದ ಸ್ಕೂಲು ನನಗ್ಯಾಕೆ ಅಂತ. 18 ಆದ್ಮೇಲೆ ದೀಪಾವಳಿ, ಅಂದ್ರೆ ದೊಡ್ಡೋನಿಗೆ ತಿಂಗಳ ಮೇಲೆ ರಜೆ ಆಗೋಯ್ತು. ಇದಕ್ಕೆ ಏನಾದ್ರೂ ಐಡಿಯಾ ಇದ್ರೆ ಹೇಳ್ರಪ್ಪ.

ನಲಿಕಲಿ_ಮೇಡಂ, 12 ಅಕ್ಟೋಬರ್ 2025

ಸರ್ ಆ ಸಮೀಕ್ಷೆ ಮಾಡ್ತಿರೋರು ನಾವೇ. ಮಕ್ಳಿಗೆ ರಜೆ, ನಮಗೆ ಬೆಳಗ್ಗೆ ಎದ್ದು ಮನೆ ಮನೆ. ಹೋದ ಮನೇಲೆಲ್ಲಾ ನನ್ನ ಸ್ಟೂಡೆಂಟ್ಸು ಬಾಗಿಲ ಸಂದೀಲಿ ಇಣುಕಿ ಒಳಗೆ ಓಡ್ತವೆ, ಹೋಂವರ್ಕ್ ಕೇಳೋಕೆ ಬಂದ್ರು ಅಂತ. ಮೊನ್ನೆ ಒಂದು ಹುಡುಗಿ ಅಜ್ಜಿ ಸೆರಗಿನ ಹಿಂದೆ ನಿಂತು "ಮಿಸ್ ನಾಳೆ ಸ್ಕೂಲಿದ್ಯಾ" ಅಂದ್ಳು, ಇಲ್ಲ ಅಂದಿದ್ದಕ್ಕೆ ಅವಳ ಮುಖ ಬಾಡ್ತು, ನನಗೆ ಒಂಥರಾ ಖುಷಿ ಆಯ್ತು. ನಿಮ್ಮ ದೊಡ್ಡೋನನ್ನ ಚಿಕ್ಕೋನ ಜೊತೆಗೇ ಎಬ್ಬಿಸಿ, ಓದೋಕಲ್ಲ, ತಮ್ಮನ ಶೂ ಲೇಸ್ ಕಟ್ಟಿ ಬಸ್ ಸ್ಟಾಪ್‌ವರೆಗೆ ಬಿಟ್ಟು ಬರೋ ಕೆಲಸ ಕೊಡಿ. ಬಂದು ಬೇಕಾದ್ರೆ ದೋಸೆ ತಿಂದು ಆಡ್ಲಿ.

ಬೆಣ್ಣೆದೋಸೆ_ದಾವಣಗೆರೆ, 14 ಅಕ್ಟೋಬರ್ 2025

ಎರಡು ದಿನ ಮಾಡಿದ್ವಿ ಮೇಡಂ. ಬಿಟ್ಟು ಬರೋಕೆ ಐದು ರೂಪಾಯಿ ಕೇಳ್ತಿದ್ದಾನೆ, ಆದ್ರೆ ಏಳ್ತಿದ್ದಾನೆ.